ಕಾರಣ ಮೊದಲು ಹೇಳಿ, ವರ್ಕ್ ಆರ್ಡರ್ ಆಮೇಲೆ ಕೊಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಒಬ್ಬರು ಸಿಟ್ಟಿನಿಂದ ಬರೆದಿದ್ದರು. ತಮ್ಮ ಊರಿನ ಕಾಮಗಾರಿ ಎರಡು ವರ್ಷದಿಂದ ನಿಂತಿದೆ, ಟೆಂಡರ್ ಸಿಗದ ಗುತ್ತಿಗೆದಾರ ಕೋರ್ಟಿಗೆ ಹೋಗಿ ಸ್ಟೇ ತಂದಿದ್ದಾನೆ, ಇಂಥವರ ಲೈಸೆನ್ಸ್ ಕಿತ್ತು ಹಾಕಬೇಕು ಅಂತ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ನಾನೂ ಅಂಥದ್ದೇ ಊರಿನವನು. ಆದರೆ ಟೆಂಡರ್ ಜಗಳ ಎಲ್ಲಿ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ ಅನ್ನೋದನ್ನು ಹತ್ತಿರದಿಂದ ನೋಡಿದ್ದೇನೆ, ಅದಕ್ಕೇ ಬರೆಯದೆ ಇರಲು ಆಗಲಿಲ್ಲ. ಪತ್ರ ಉದ್ದವಾಗಿದೆ. ಪೂರ್ತಿ ಹಾಕಲು ಜಾಗ ಇಲ್ಲದಿದ್ದರೆ ನಮ್ಮ ಮಾರುಕಟ್ಟೆಯ ವಿಷಯವನ್ನಾದರೂ ಉಳಿಸಿಕೊಳ್ಳಿ.

ತಾಲ್ಲೂಕು ಕೇಂದ್ರದಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ಅಂಗಡಿ ಇದೆ. ಜೆರಾಕ್ಸ್, ಪಹಣಿ, ಮಕ್ಕಳ ಪರೀಕ್ಷೆ ಅರ್ಜಿ ಎಲ್ಲ ಮಾಡುತ್ತೇನೆ. ಆದರೆ ಮನೆ ನಡೆಯುವುದು ಟೆಂಡರ್ ಕೆಲಸದಿಂದ. ಸಣ್ಣ ಗುತ್ತಿಗೆದಾರರ ಪರವಾಗಿ ಸರ್ಕಾರದ ಟೆಂಡರ್ ಪೋರ್ಟಲ್‌ನಲ್ಲಿ ಬಿಡ್, ಅಂದರೆ ಟೆಂಡರ್ ಅರ್ಜಿ, ತುಂಬಿಕೊಡುತ್ತೇನೆ. ಇ-ಪ್ರೊಕ್ಯೂರ್‌ಮೆಂಟ್, ಅಂದರೆ ಆನ್‌ಲೈನ್ ಟೆಂಡರ್, ಶುರುವಾದ ದಿನಗಳಿಂದ ಇದೇ ಕೆಲಸ. ಅದಕ್ಕೂ ಮೊದಲು ಕಚೇರಿ ಮುಂದೆ ಟೆಂಡರ್ ಪೆಟ್ಟಿಗೆ ಇರುತ್ತಿತ್ತು. ಪೆಟ್ಟಿಗೆ ಹತ್ತಿರ ಹೋಗಲು ಬಿಡದೆ ಅಡ್ಡ ನಿಲ್ಲುವ ಹುಡುಗರನ್ನೂ ನೋಡಿದ್ದೇನೆ. ಆ ಕಾಲ ಹೋಯಿತು, ಅದು ನಿಜಕ್ಕೂ ದೊಡ್ಡ ಬದಲಾವಣೆ. ಈಗ ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ಬಿಡ್ ಹಾಕಬಹುದು.

ಹಾಕುವ ದಿನ ಹೇಗಿರುತ್ತದೆ ಗೊತ್ತಾ? ಸಂಜೆ 4 ಗಂಟೆಗೆ ಕೊನೆ ಅಂದರೆ ಗುತ್ತಿಗೆದಾರ 3 ಗಂಟೆಗೆ ಬರುತ್ತಾನೆ. ಒಂದು ಪ್ಲಾಸ್ಟಿಕ್ ಕವರ್ ತುಂಬ ಕಾಗದ. ವಹಿವಾಟಿನ ಪ್ರಮಾಣಪತ್ರಕ್ಕೆ ಆಡಿಟರ್ ಸಹಿ ಬೆಳಗ್ಗೆಯಷ್ಟೇ ಆಗಿರುತ್ತದೆ. ಡಿಜಿಟಲ್ ಸಹಿಯ ಟೋಕನ್ ಜೇಬಿನಿಂದ ತೆಗೆದು ಕೊಡುವಾಗ ಅವನ ಕೈ ನಡುಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಯಾಕಂದರೆ ಇಎಂಡಿ, ಅಂದರೆ ಟೆಂಡರ್ ಜೊತೆ ಕಟ್ಟುವ ಠೇವಣಿ ದುಡ್ಡು, ಸುಮ್ನೆ ಬಂದದ್ದಲ್ಲ. ಒಂದು ಕೋಟಿಯ ಕೆಲಸಕ್ಕೆ ಎರಡು, ಎರಡೂವರೆ ಲಕ್ಷ ಕಟ್ಟಬೇಕು ಅಂದರೆ ಮನೆಯಲ್ಲಿನ ಬಂಗಾರ ಬ್ಯಾಂಕಿಗೆ ಹೋಗಿರುತ್ತದೆ. ಟೆಂಡರ್ ಮುಗಿಯುವವರೆಗೆ ಆ ದುಡ್ಡು ಅಲ್ಲೇ. ಜಗಳ ಕೋರ್ಟಿಗೆ ಹೋದರೆ ಇನ್ನೂ ಎಷ್ಟು ದಿನವೋ, ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ.

ಇಷ್ಟೆಲ್ಲ ಆದ ಮೇಲೆ ಒಂದು ದಿನ ಪೋರ್ಟಲ್ ತೆರೆದರೆ ಹೆಸರಿನ ಮುಂದೆ ಒಂದೇ ಒಂದು ಪದ ಇರುತ್ತದೆ. ರಿಜೆಕ್ಟೆಡ್. ಯಾಕೆ ಅಂತ ಇಲ್ಲ. ಯಾವ ಕಾಗದ ಸರಿ ಇರಲಿಲ್ಲ ಅಂತ ಇಲ್ಲ. ಕಚೇರಿಗೆ ಹೋಗಿ ಕೇಳಿದರೆ, ಟೆಕ್ನಿಕಲ್ ಬಿಡ್‌ನಲ್ಲಿ (ಅರ್ಹತೆಯ ಕಾಗದ ನೋಡುವ ಹಂತ) ಬಿದ್ದುಹೋಗಿದೆ, ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ ಅನ್ನೋ ಉತ್ತರ. ಎಲ್ಲ ಕಡೆಯೂ ಹೀಗೇ ಅಂತ ಹೇಳುವುದಿಲ್ಲ. ಕಾರಣವನ್ನು ಸ್ಪಷ್ಟವಾಗಿ ಬರೆದು ಹಾಕುವ ಇಂಜಿನಿಯರ್‌ಗಳನ್ನೂ ಕಂಡಿದ್ದೇನೆ, ಅವರ ಟೆಂಡರ್‌ಗಳು ಕೋರ್ಟಿಗೆ ಹೋಗುವುದು ತೀರಾ ಕಡಿಮೆ. ಸೋತವನಿಗೂ ತಾನು ಸೋತದ್ದು ಎಲ್ಲಿ ಅಂತ ಗೊತ್ತಾದರೆ ಅರ್ಧ ಸಿಟ್ಟು ಅಲ್ಲೇ ಇಳಿದುಬಿಡುತ್ತದೆ.

ಈಗ ನಮ್ಮ ಮಾರುಕಟ್ಟೆಯ ಕತೆ. ಊರಿನ ಹೆಸರು, ಕಚೇರಿಯ ಹೆಸರು ಹೇಳುವುದಿಲ್ಲ, ಹೇಳಿದರೆ ಮಾತು ಬೇರೆ ಕಡೆ ಹೋಗುತ್ತದೆ. ಹಳೇ ತರಕಾರಿ ಮಾರುಕಟ್ಟೆ ಕೆಡವಿ ಹೊಸದು ಕಟ್ಟುವ ಟೆಂಡರ್ ಕರೆದರು. ಮೂವರು ಹಾಕಿದರು. ಅದರಲ್ಲಿ ಒಬ್ಬರ ಬಿಡ್ ತುಂಬಿದ್ದು ನಾನು. ಸೋಮವಾರ ಟೆಕ್ನಿಕಲ್ ಬಿಡ್ ನೋಡಿದರು, ನಮ್ಮದು ಹೊರಗೆ ಬಿತ್ತು. ಮಂಗಳವಾರ ಉಳಿದ ಇಬ್ಬರ ಫೈನಾನ್ಷಿಯಲ್ ಬಿಡ್, ಅಂದರೆ ದರದ ಭಾಗ, ತೆರೆದರು. ಗುರುವಾರ ಒಪ್ಪಿಗೆ ಪತ್ರ, ಮುಂದಿನ ಸೋಮವಾರ ಕೆಲಸ ಶುರು ಮಾಡಿ ಅನ್ನುವ ವರ್ಕ್ ಆರ್ಡರ್. ಎಂಟು ದಿನದಲ್ಲಿ ಎಲ್ಲ ಮುಗಿಯಿತು. ವರ್ಕ್ ಆರ್ಡರ್ ಕೊಟ್ಟ ವಾರದ ಶನಿವಾರ ಜೆಸಿಬಿ ಬಂದು ಹಳೇ ಶೆಡ್ ನೆಲಸಮ ಮಾಡಿತು.

ನಮ್ಮವರು ಕಾರಣ ಕೇಳಿ ಅರ್ಜಿ ಕೊಟ್ಟರು. ಉತ್ತರ ಬರಲಿಲ್ಲ. ಮೇಲ್ಮನವಿ ಹಾಕಿದರು. ಜೊತೆಗೆ ಮಾಹಿತಿ ಹಕ್ಕಿನಲ್ಲಿ ಎಲ್ಲರ ದಾಖಲೆ ಕೇಳಿದರು. ಐದು ವಾರದ ಮೇಲೆ ಕಾಗದ ಕೈಗೆ ಬಂತು. ನಮ್ಮ ಅನುಭವ ಪ್ರಮಾಣಪತ್ರಕ್ಕೆ ಕಾರ್ಯಪಾಲಕ ಇಂಜಿನಿಯರ್ ಸಹಿ ಇಲ್ಲ, ಸಹಾಯಕ ಕಾರ್ಯಪಾಲಕ ಇಂಜಿನಿಯರ್ ಸಹಿ ಇದೆ, ಅದಕ್ಕೇ ತಿರಸ್ಕಾರ ಅಂತ ಟಿಪ್ಪಣಿ. ಸರಿ, ಷರತ್ತಿನಲ್ಲಿ ಹಾಗೇ ಇತ್ತು, ಅದು ನಮ್ಮ ತಪ್ಪೇ. ಆದರೆ ಅದೇ ಕಂತೆಯಲ್ಲಿ ಕೆಲಸ ಸಿಕ್ಕವರ ಪ್ರಮಾಣಪತ್ರವೂ ಇತ್ತು. ಅದಕ್ಕೂ ಸಹಾಯಕ ಕಾರ್ಯಪಾಲಕ ಇಂಜಿನಿಯರ್ ಸಹಿಯೇ! ಅವರ ಹತ್ತಿರ ಮಾತ್ರ ಸ್ಪಷ್ಟೀಕರಣ ಕೇಳಿ, ಹೊಸ ಕಾಗದ ತರಿಸಿಕೊಂಡು ಪಾಸ್ ಮಾಡಿದ್ದರು. ಎರಡೂ ಕಾಗದವನ್ನು ನನ್ನ ಟೇಬಲ್ ಮೇಲೆ ಅಕ್ಕಪಕ್ಕ ಇಟ್ಟು ನೋಡಿದೆವು. ನಮ್ಮವರು ಒಂದು ಮಾತೂ ಆಡಲಿಲ್ಲ, ಎದ್ದು ಹೋದರು. ಮರುದಿನ ಹೈಕೋರ್ಟ್ ವಕೀಲರ ಹತ್ತಿರ ಇದ್ದರು.

ಸ್ಟೇ ಸಿಕ್ಕಿತು. ಆಗ ಸ್ಥಳದಲ್ಲಿ ಇದ್ದದ್ದು ಪಾಯಕ್ಕೆ ತೋಡಿದ ಗುಂಡಿ ಮತ್ತು ಕಟ್ಟಿ ನಿಲ್ಲಿಸಿದ ಹತ್ತು ಹನ್ನೆರಡು ಕಂಬಿ. ಮಳೆಗಾಲ ಬಂತು, ಗುಂಡಿ ಕೆರೆಯಾಯಿತು. ಸುತ್ತ ತಗಡು ಹೊಡೆದರು, ಗಾಳಿಗೆ ಹಾರಿಹೋಯಿತು, ಮತ್ತೆ ಹೊಡೆದರು. ತರಕಾರಿ ಮಾರುವವರು ಮುಖ್ಯ ರಸ್ತೆಯ ಎರಡೂ ಬದಿಗೆ ಬಂದರು. ನನ್ನ ಅಂಗಡಿ ಮೆಟ್ಟಿಲ ಹತ್ತಿರ ಸೊಪ್ಪು ಮಾರುವ ಅಜ್ಜಿಯೊಬ್ಬರು ಕೂರುತ್ತಿದ್ದರು. ಬಸ್ ಹೋದಾಗಲೆಲ್ಲ ರಾಡಿ ಹಾರಿ ಮೆಂತ್ಯ, ಪಾಲಕ್ ಮೇಲೆ ಬೀಳುತ್ತಿತ್ತು. ಅವರು ಒಂದು ಬಾಟಲಿ ನೀರು ಇಟ್ಟುಕೊಂಡು ಕಟ್ಟು ಕಟ್ಟನ್ನೂ ತೊಳೆದು ತೊಳೆದು ಜೋಡಿಸುತ್ತಿದ್ದರು, ಮಧ್ಯಾಹ್ನದ ಹೊತ್ತಿಗೆ ಸೊಪ್ಪು ಕೊಳೆತು ಹೋಗುತ್ತಿತ್ತು. ಒಂದು ದಿನ ನನ್ನನ್ನು ಕೇಳಿದರು, ‘ಅಪ್ಪಾ, ನಿಮ್ಮ ಕೇಸು ಯಾವಾಗ ಮುಗೀತದೆ?’ ನಿಮ್ಮ ಕೇಸು ಅಂದರು. ನನಗೆ ಉತ್ತರ ಹೊಳೆಯಲಿಲ್ಲ.

ಕೇಸು ಮುಗಿಯಲು ಹದಿನಾಲ್ಕು ತಿಂಗಳು ಬೇಕಾಯಿತು. ಒಬ್ಬರ ದೋಷ ಮನ್ನಾ ಮಾಡಿ ಇನ್ನೊಬ್ಬರದನ್ನು ಮಾಡದೇ ಇರಲು ಕಾರಣವೇ ದಾಖಲೆಯಲ್ಲಿ ಇಲ್ಲ, ಮತ್ತೆ ಪರಿಶೀಲಿಸಿ ಅಂತ ಆದೇಶ ಬಂತು. ಅಷ್ಟರಲ್ಲಿ ಬಿಡ್‌ಗಳ ಅವಧಿ ಮುಗಿದು ಎಷ್ಟೋ ತಿಂಗಳಾಗಿತ್ತು. ಟೆಂಡರ್ ರದ್ದು ಮಾಡಿದರು. ಇಲಾಖೆಯ ಹೊಸ ದರಪಟ್ಟಿ (ಎಸ್‌ಆರ್) ಪ್ರಕಾರ ಹೊಸ ಎಸ್ಟಿಮೇಟ್, ಮೊದಲಿಗಿಂತ ಜಾಸ್ತಿ. ಕೇಸು ಗೆದ್ದ ನಮ್ಮವರಿಗೆ ಕೆಲಸ ಸಿಗಲಿಲ್ಲ. ವರ್ಕ್ ಆರ್ಡರ್ ತೆಗೆದುಕೊಂಡಿದ್ದವರು ಕಂಬಿಗೆ, ಕೂಲಿಗೆ ಹಾಕಿದ ದುಡ್ಡು ಕಳೆದುಕೊಂಡರು. ಕೋಣ ಕೋಣ ಗುದ್ದಾಡಿ ಗಿಡಕ್ಕೆ ಮುಪ್ಪು ಅನ್ನುತ್ತಾರಲ್ಲ, ಹಾಗೆ ಆಯಿತು ಊರಿನ ಪಾಡು.

ಈಗ ಹೇಳಿ, ಇಲ್ಲಿ ಕೋರ್ಟಿಗೆ ಹೋದವನ ತಪ್ಪು ಎಷ್ಟು? ಎರಡು ಪ್ರಮಾಣಪತ್ರದ ವಿಷಯ ಮೊದಲನೇ ಸೋಮವಾರವೇ ಪೋರ್ಟಲ್‌ನಲ್ಲಿ ಬಂದಿದ್ದರೆ, ಆಮೇಲೆ ಒಂದು ಹತ್ತು ದಿನ ಕಾದು ವರ್ಕ್ ಆರ್ಡರ್ ಕೊಟ್ಟಿದ್ದರೆ, ಜಗಳ ಆ ಹತ್ತು ದಿನದೊಳಗೇ ಬಗೆಹರಿಯುತ್ತಿತ್ತು. ಅಥವಾ ಕನಿಷ್ಠ ಪಕ್ಷ ಹಳೇ ಶೆಡ್ ನಿಂತಿರುತ್ತಿತ್ತು, ಆ ಅಜ್ಜಿ ನೆರಳಲ್ಲಿ ಕೂತಿರುತ್ತಿದ್ದರು.

ನಮ್ಮಲ್ಲಿ ಕಾನೂನು ಇಲ್ಲದೆ ಏನಿಲ್ಲ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, ನಾವೆಲ್ಲ ಕೆಟಿಪಿಪಿ ಅನ್ನುವುದು, 1999ರದ್ದು. 2000ದಲ್ಲಿ ಜಾರಿಗೆ ಬಂತು. ತಮಿಳುನಾಡು 1998ರಲ್ಲಿ ಇಂಥ ಕಾಯ್ದೆ ಮಾಡಿತು, ಬೆನ್ನಿಗೇ ನಾವು ಮಾಡಿದೆವು. ಕೇಂದ್ರ ಸರ್ಕಾರ 2012ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಸಂಗ್ರಹಣಾ ಮಸೂದೆ ಪಾಸಾಗದೆ ಬಿದ್ದುಹೋಯಿತು, ಅಲ್ಲಿ ಇವತ್ತಿಗೂ ಹಣಕಾಸು ನಿಯಮಗಳ ಮೇಲೇ ಕೆಲಸ ನಡೆಯುತ್ತದೆ. ಆ ಲೆಕ್ಕದಲ್ಲಿ ಕರ್ನಾಟಕ ಮುಂದಿದೆ, ಹೆಮ್ಮೆಯಿಂದಲೇ ಹೇಳುತ್ತೇನೆ. ನಮ್ಮ ಕಾಯ್ದೆಯ 13ನೇ ಕಲಂ, ಟೆಂಡರ್‌ನಲ್ಲಿ ಮೊದಲೇ ಹೇಳಿದ ಅಳತೆಗೋಲಿನಿಂದಲೇ ಅಳೆದು, ಕಡಿಮೆ ದರದ್ದನ್ನು ಒಪ್ಪಬೇಕು ಅನ್ನುತ್ತದೆ. 16ನೇ ಕಲಂ ಮೇಲ್ಮನವಿಯದ್ದು. ಆದೇಶ ಕೈಗೆ ಬಂದ 30 ದಿನದೊಳಗೆ ಹಾಕಬೇಕು, ಸಾಧ್ಯವಾದಷ್ಟೂ 30 ದಿನದಲ್ಲಿ ಅದನ್ನು ತೀರ್ಮಾನ ಮಾಡಬೇಕು.

ಓದಲು ಚೆನ್ನಾಗಿದೆ. ತೊಂದರೆ ಏನಂದರೆ, ಮೇಲ್ಮನವಿಗೆ 30 ದಿನ ಇದ್ದರೂ ವರ್ಕ್ ಆರ್ಡರ್ ಎಂಟೇ ದಿನದಲ್ಲಿ ಹೊರಗೆ ಬೀಳಬಹುದು. ಮೇಲ್ಮನವಿ ಕೇಳುವವರು ಬಹುತೇಕ ಅದೇ ಇಲಾಖೆಯ ಮೇಲಿನ ಅಧಿಕಾರಿ. ಅವರು ಒಳ್ಳೆಯವರೇ ಇರಬಹುದು, ಆದರೆ ಅವರ ಮುಂದೆ ಫೈಲ್ ಬರುವ ಹೊತ್ತಿಗೆ ಜೆಸಿಬಿ ಬಂದು ಹೋಗಿರುತ್ತದೆ. ಟೆಂಡರ್ ಒಪ್ಪುವ ಪ್ರಾಧಿಕಾರ ಸರ್ಕಾರವೇ ಆಗಿದ್ದರೆ ಈ ಮೇಲ್ಮನವಿಯೂ ಇಲ್ಲ, ನೇರ ಹೈಕೋರ್ಟಿಗೆ ರಿಟ್ ಹಾಕಬೇಕು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಆಗುವುದು ಹೀಗೆ.

ಇದು ಹೊಸ ಸಮಸ್ಯೆಯೂ ಅಲ್ಲ. ಟೆಂಡರ್ ಕೇಸುಗಳಲ್ಲಿ ವಕೀಲರು ಇವತ್ತಿಗೂ ಹೇಳುವ ಒಂದು ತೀರ್ಪು ರಮಣ ದಯಾರಾಂ ಶೆಟ್ಟಿ ಪ್ರಕರಣದ್ದು. ಹೆಸರು ಕೇಳಿದರೆ ನಮ್ಮ ಕರಾವಳಿ ನೆನಪಾಗುತ್ತದೆ, ವಿಷಯವೂ ಹೋಟೆಲಿನದ್ದೇ. 1977ರಲ್ಲಿ ಬಾಂಬೆ ವಿಮಾನ ನಿಲ್ದಾಣದಲ್ಲಿ ಒಂದು ಎರಡನೇ ದರ್ಜೆ ರೆಸ್ಟೋರೆಂಟ್, ಎರಡು ತಿಂಡಿ ಅಂಗಡಿ ನಡೆಸಲು ಟೆಂಡರ್ ಕರೆದರು. ಕನಿಷ್ಠ ಐದು ವರ್ಷ ಅನುಭವ ಇರುವ ನೋಂದಾಯಿತ ಎರಡನೇ ದರ್ಜೆ ಹೋಟೆಲಿನವರೇ ಆಗಬೇಕು ಅಂತ ಷರತ್ತು. ತಿಂಗಳಿಗೆ 6,666 ರೂಪಾಯಿ 66 ಪೈಸೆ ಕೊಡುತ್ತೇನೆ ಅಂದವರಿಗೆ ಸಿಕ್ಕಿತು, ಅದೇ ಎಲ್ಲರಿಗಿಂತ ಜಾಸ್ತಿ ಮೊತ್ತ. ಆದರೆ ಅವರಿಗೆ ಇದ್ದದ್ದು ಕ್ಯಾಂಟೀನ್ ನಡೆಸಿದ ಅನುಭವ, ಷರತ್ತಿನಲ್ಲಿ ಹೇಳಿದ ಅರ್ಹತೆ ಇರಲಿಲ್ಲ. 1979ರಲ್ಲಿ ಸುಪ್ರೀಂ ಕೋರ್ಟ್, ನ್ಯಾಯಮೂರ್ತಿ ಭಗವತಿಯವರು, ಸರ್ಕಾರಿ ಸಂಸ್ಥೆ ತಾನೇ ಹಾಕಿದ ನಿಯಮಕ್ಕೆ ತಾನೂ ಬದ್ಧ, ಮಧ್ಯದಲ್ಲಿ ಒಬ್ಬರಿಗಾಗಿ ಸಡಿಲ ಮಾಡುವ ಹಾಗಿಲ್ಲ ಅಂದರು. ಷರತ್ತು ಹೀಗಿರುವುದಿಲ್ಲ ಅಂತ ಮೊದಲೇ ಗೊತ್ತಿದ್ದರೆ ಬೇರೆಯವರೂ ಬರುತ್ತಿದ್ದರು, ಅಲ್ವಾ? ಆ ಮಾತು ಎಷ್ಟು ಸರಳ, ಎಷ್ಟು ಸರಿ.

ಹಾಗಂತ ಶೆಟ್ಟರು ಗೆದ್ದರಾ? ಇಲ್ಲ. ಐದು ತಿಂಗಳಿಗೂ ಹೆಚ್ಚು ತಡ ಮಾಡಿ ಬಂದಿದ್ದೀರಿ, ಅಷ್ಟರಲ್ಲಿ ಗುತ್ತಿಗೆ ಪಡೆದವರು ಒಂದು ಲಕ್ಷ ಇಪ್ಪತ್ತೈದು ಸಾವಿರದಷ್ಟು ಖರ್ಚು ಮಾಡಿ ಅಂಗಡಿ ಶುರು ಮಾಡಿದ್ದಾರೆ ಅಂತ ಹೇಳಿ ಅರ್ಜಿ ವಜಾ ಮಾಡಿದರು. ಅರ್ಜಿದಾರರ ಉದ್ದೇಶದ ಬಗ್ಗೆಯೂ ಕೋರ್ಟಿಗೆ ಅನುಮಾನ ಇತ್ತು. ದೇಶಕ್ಕೆ ಒಂದು ನಿಯಮ ಸಿಕ್ಕಿತು, ಆ ರೆಸ್ಟೋರೆಂಟ್ ಮಾತ್ರ ನಿಯಮ ಮೀರಿ ಪಡೆದವರ ಕೈಯಲ್ಲೇ ಉಳಿಯಿತು. ನಮ್ಮ ಮಾರುಕಟ್ಟೆಯಲ್ಲೂ ಹಾಗೇ, ವಾದ ಗೆದ್ದವರಿಗೆ ಕೆಲಸ ಸಿಗಲಿಲ್ಲ.

ಆಮೇಲೆ 1994ರಲ್ಲಿ ಟಾಟಾ ಸೆಲ್ಯುಲಾರ್ ತೀರ್ಪು ಬಂತು, ನಾಲ್ಕು ಮಹಾನಗರಗಳ ಮೊಬೈಲ್ ಲೈಸೆನ್ಸ್ ಜಗಳದ್ದು. ಯಾರಿಗೆ ಕೊಟ್ಟಿದ್ದೀರಿ ಅಂತ ಕೋರ್ಟ್ ಮೇಲ್ಮನವಿ ಥರ ನೋಡುವುದಿಲ್ಲ, ಯಾವ ರೀತಿ ಕೊಟ್ಟಿದ್ದೀರಿ ಅಂತ ಮಾತ್ರ ನೋಡುತ್ತದೆ ಅಂತ ಅಲ್ಲಿ ಗೆರೆ ಎಳೆದರು. ಅದನ್ನೇ ಇನ್ನೂ ಬಿಗಿ ಮಾಡಿದ್ದು ಜಗದೀಶ್ ಮಂಡಲ್ ಪ್ರಕರಣ, 2006ರ ಕೊನೆಯಲ್ಲಿ. ಬರೆದವರು ಮೊದಲು ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ಇದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಕೆಟ್ಟ ಉದ್ದೇಶ ಅಥವಾ ಪಕ್ಷಪಾತ ಇದೆಯಾ, ಇಲ್ಲ ಯಾರೂ ಒಪ್ಪದಂಥ ತೀರ್ಮಾನವಾ, ಮತ್ತು ಸಾರ್ವಜನಿಕ ಹಿತಕ್ಕೆ ಧಕ್ಕೆ ಆಗಿದೆಯಾ, ಇಷ್ಟು ಕೇಳಿ ಅಂದರು. ಸೋತವರು ಕಲ್ಪಿಸಿಕೊಂಡ ದೂರು, ನೊಂದ ಸ್ವಾಭಿಮಾನ, ವ್ಯಾಪಾರದ ಪೈಪೋಟಿ ಹೊತ್ತುಕೊಂಡು ಬಂದು ಸಣ್ಣದನ್ನು ಗುಡ್ಡ ಮಾಡುತ್ತಾರೆ, ಅದಕ್ಕೆ ಸೊಪ್ಪು ಹಾಕಬಾರದು ಅನ್ನುವ ಅರ್ಥದ ಮಾತೂ ಅದರಲ್ಲಿದೆ.

ಷರತ್ತು ಹಾಕುವ ವಿಷಯದಲ್ಲೂ ಕೋರ್ಟ್ ಇಲಾಖೆಗೆ ಸಾಕಷ್ಟು ಜಾಗ ಬಿಟ್ಟಿದೆ. ಕೆಎಸ್‌ಆರ್‌ಟಿಸಿ ಬಸ್ಸುಗಳ ಟೈರ್ ಟೆಂಡರ್ ಜಗಳ 2012ರಲ್ಲಿ ಸುಪ್ರೀಂ ಕೋರ್ಟ್ ತನಕ ಹೋಗಿತ್ತು. ವಾಹನ ತಯಾರಿಸುವ ಕಂಪನಿಗಳಿಗೇ ಟೈರ್ ಕೊಡುವವರು ಮಾತ್ರ ಬನ್ನಿ ಅನ್ನೋ ಷರತ್ತನ್ನು ಮಿಷಿಗನ್ ರಬ್ಬರ್ ಕಂಪನಿ ಪ್ರಶ್ನೆ ಮಾಡಿತು. ದಿನಾ ಲಕ್ಷಗಟ್ಟಲೆ ಜನ ಕೂರುವ ಬಸ್ಸು, ಒಳ್ಳೆ ಟೈರ್ ಬೇಕು ಅನ್ನುವುದು ತಪ್ಪಲ್ಲ ಅಂತ ಕೋರ್ಟ್ ನಿಗಮದ ಪರ ನಿಂತಿತು. ನನಗೂ ಅದು ಸರಿ ಅನ್ನಿಸುತ್ತದೆ. ಆದರೆ ಸಣ್ಣ ಸಣ್ಣ ಕೆಲಸಗಳನ್ನೆಲ್ಲ ಒಂದೇ ಪ್ಯಾಕೇಜ್ ಮಾಡಿ, ಒಬ್ಬರ ಮೈ ಅಳತೆ ತೆಗೆದು ಹೊಲಿಸಿದ ಹಾಗೆ ಷರತ್ತು ಹಾಕಿದರೆ ಅದು ಬೇರೆ. ಛತ್ತೀಸಗಢದಲ್ಲಿ ಶಾಲೆಗಳಿಗೆ ಕ್ರೀಡಾ ಸಾಮಗ್ರಿ ಕೊಳ್ಳುವ ಟೆಂಡರ್‌ನಲ್ಲಿ, ಅದೇ ರಾಜ್ಯದ ಸರ್ಕಾರಿ ಸಂಸ್ಥೆಗಳಿಗೆ ಮೊದಲೇ 6 ಕೋಟಿಯ ಮಾಲು ಕೊಟ್ಟವರಷ್ಟೇ ಬನ್ನಿ ಅಂದಿದ್ದರು. 2025ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಚೆಂಡು, ಬ್ಯಾಟು ಕೊಡಲು ಅದೇ ರಾಜ್ಯದ ಅನುಭವ ಯಾಕೆ ಬೇಕು?

ಸ್ಟೇ ವಿಷಯಕ್ಕೆ ಬರುತ್ತೇನೆ. 2018ರಲ್ಲಿ ನಿರ್ದಿಷ್ಟ ಪರಿಹಾರ ಕಾಯ್ದೆಗೆ ತಿದ್ದುಪಡಿ ತಂದು, ಮೂಲಸೌಕರ್ಯ ಯೋಜನೆ ತಡವಾಗುವಂಥ ತಡೆಯಾಜ್ಞೆಯನ್ನು ಸಿವಿಲ್ ಕೋರ್ಟುಗಳು ಕೊಡಬಾರದು ಅಂತ ಮಾಡಿದರು. 2022ರಲ್ಲಿ ಜಾರ್ಖಂಡದ ಒಂದು ರಸ್ತೆಯ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಹೈಕೋರ್ಟುಗಳೂ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಲಿ, ಕೆಲಸ ನಿಲ್ಲಿಸುವ ಬದಲು ಅನ್ಯಾಯವಾದವನು ನಷ್ಟ ಪರಿಹಾರ ಕೇಳಲಿ ಅಂತು. ಹೋದ ವಾರ ಪತ್ರ ಬರೆದವರಿಗೆ ಈ ತೀರ್ಪು ತುಂಬ ಹಿಡಿಸಬಹುದು. ರಸ್ತೆಗೆ ಕಾಯುವ ಊರಿನ ಕಡೆಯಿಂದ ನೋಡಿದರೆ ನನಗೂ ಹಿಡಿಸುತ್ತದೆ. ಆದರೆ ಪರಿಹಾರ ಅನ್ನೋದು ಎಲ್ಲಿ ಸಿಗುತ್ತದೆ ಸ್ವಾಮಿ? ಮೂರನೇ ದರ್ಜೆ ಲೈಸೆನ್ಸಿನ ಸಣ್ಣ ಗುತ್ತಿಗೆದಾರ ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿ, ಆ ಕೆಲಸ ನನಗೇ ಸಿಗುತ್ತಿತ್ತು, ಇಷ್ಟು ಲಾಭ ಬರುತ್ತಿತ್ತು ಅಂತ ಸಾಬೀತು ಮಾಡುವುದು ಯಾವ ಕಾಲಕ್ಕೆ? ನನ್ನ ಅಂಗಡಿಗೆ ಬರುವವರಲ್ಲಿ ಹಾಗೆ ದುಡ್ಡು ಪಡೆದ ಒಬ್ಬರನ್ನೂ ನಾನು ನೋಡಿಲ್ಲ.

ಇನ್ನೊಂದು ಮುಖವನ್ನೂ ಹೇಳಲೇಬೇಕು, ಇಲ್ಲದಿದ್ದರೆ ಪತ್ರ ಪ್ರಾಮಾಣಿಕವಾಗುವುದಿಲ್ಲ. ಸುಳ್ಳು ಕೇಸು ಹಾಕುವವರು ಇದ್ದಾರೆ. ಕೆಲವು ವರ್ಷದ ಹಿಂದೆ ಒಬ್ಬ ಗುತ್ತಿಗೆದಾರರು ಬಂದು, ಒಂದು ಕಾಲುವೆ ಕೆಲಸದ ದಾಖಲೆ ಎಲ್ಲ ಜೋಡಿಸಿ ಕೊಡು, ರಿಟ್ ಹಾಕಬೇಕು ಅಂದರು. ಅವರ ವಹಿವಾಟು ಷರತ್ತಿಗಿಂತ ಕಡಿಮೆ ಇತ್ತು, ಗೆಲ್ಲುವುದಿಲ್ಲ ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬೇಸಿಗೆ ಕಳೆದು ಕಾಲುವೆಗೆ ನೀರು ಬಿಟ್ಟರೆ ಎದುರಾಳಿಯ ಒಂದು ಸೀಸನ್ ಹಾಳು, ಅಷ್ಟೇ ಅವರ ಲೆಕ್ಕ. ನಾನು ಕಾಗದ ಜೋಡಿಸಿ ಕೊಟ್ಟೆ, ದುಡ್ಡು ತೆಗೆದುಕೊಂಡೆ. ಆ ವರ್ಷ ಕಾಲುವೆಯ ಕೊನೆ ಭಾಗದ ಹೊಲಗಳಿಗೆ ನೀರು ಸರಿಯಾಗಿ ಹೋಗಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಆಮೇಲೆ ಅಂಥ ಕೆಲಸ ಮುಟ್ಟಿಲ್ಲ. ಹೀಗೆ ಮಾಡುವವರಿಗೆ ಕೋರ್ಟ್ ಭಾರೀ ದಂಡ ಹಾಕಲಿ, ನನ್ನ ತಕರಾರಿಲ್ಲ.

ಆದರೆ ಸುಳ್ಳು ಕೇಸಿಗೂ ಮದ್ದು ಅದೇ. ತಿರಸ್ಕಾರದ ಕಾರಣ, ಪುಟ ಸಂಖ್ಯೆ ಸಮೇತ, ಎಲ್ಲರಿಗೂ ಕಾಣುವ ಹಾಗೆ ಮೊದಲ ದಿನವೇ ಪೋರ್ಟಲ್‌ನಲ್ಲಿ ಇದ್ದಿದ್ದರೆ ಆ ಕಾಲುವೆಯ ಕೇಸು ಮೊದಲ ದಿನವೇ ಬಿದ್ದುಹೋಗುತ್ತಿತ್ತು. ವಹಿವಾಟು ಇಷ್ಟು ಬೇಕಿತ್ತು, ಇವರದ್ದು ಇಷ್ಟಿದೆ, ಅಷ್ಟೇ. ಕಾರಣ ಮುಚ್ಚಿಟ್ಟಾಗಲೇ ನಿಜವಾಗಿ ನೊಂದವನೂ ಸುಳ್ಳು ಹೇಳುವವನೂ ನ್ಯಾಯಾಧೀಶರ ಮುಂದೆ ಒಂದೇ ಥರ ಕಾಣುವುದು.

ಕಾರಣ ಎಂಥದ್ದಿದ್ದರೂ ಬರೆದರೆ ಜನ ಒಪ್ಪುತ್ತಾರೆ. ಪಶ್ಚಿಮ ಬಂಗಾಳದ ಒಂದು ಟೋಲ್ ರಸ್ತೆಯ ಕೇಸು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. 1,095 ದಿನ ಟೋಲ್ ವಸೂಲಿ ಮಾಡಲು ಒಟ್ಟು ಎಷ್ಟು ಕೊಡುತ್ತೀರಿ ಅಂತ ತುಂಬಬೇಕಿತ್ತು. ಒಬ್ಬರು 91 ಕೋಟಿ ಚಿಲ್ಲರೆ ತುಂಬಿದರು. ಇನ್ನೊಬ್ಬರು 9,72,999 ರೂಪಾಯಿ ತುಂಬಿದರು. ಬಿಡ್ ತೆರೆದ ಮೇಲೆ, ಅಯ್ಯೋ ಅದು ಒಂದು ದಿನದ ಲೆಕ್ಕ, ಒಟ್ಟು 106 ಕೋಟಿ ಆಗುತ್ತದೆ, ನಾನೇ ಎಲ್ಲರಿಗಿಂತ ಜಾಸ್ತಿ, ತಿದ್ದಿಕೊಳ್ಳಿ ಅಂದರು. ಕಲ್ಕತ್ತಾ ಹೈಕೋರ್ಟ್ ಒಪ್ಪಿತು. 2025ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ತೆರೆದ ಬಿಡ್ ತಿದ್ದಲು ಬಿಟ್ಟರೆ ಟೆಂಡರಿಗೆ ಅರ್ಥವೇ ಇರುವುದಿಲ್ಲ ಅಂತ. ಸರ್ಕಾರಕ್ಕೆ ಹದಿನೈದು ಕೋಟಿ ಜಾಸ್ತಿ ಬರುತ್ತಿತ್ತಲ್ಲ ಅಂತ ಯಾರಾದರೂ ಕೇಳಬಹುದು. ನನಗೆ ಮಾತ್ರ ಆ ಅಂಕಿ ಒತ್ತಿದ ಬೆರಳು ಯಾರದ್ದೋ ಅಂತ ಅನ್ನಿಸಿತು. ಎಲ್ಲೋ ನನ್ನ ಹಾಗೇ ಒಬ್ಬ ಕೂತು ಒತ್ತಿರುತ್ತಾನೆ. ಆದರೂ ತೀರ್ಪು ಸರಿ, ಯಾಕಂದರೆ ಕಾರಣ ಕಣ್ಣಿಗೆ ಕಾಣುತ್ತದೆ. ಸೋತವರೂ ಮನೆಗೆ ಹೋಗಿ ಆ ಕಾರಣವನ್ನು ಹೇಳಬಹುದು.

ಹತ್ತು ದಿನ ಕಾಯುವ ಮಾತು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ನಮ್ಮ ಕೇಸು ನಡೆಸಿದ ವಕೀಲರು ಹೇಳಿದ್ದು. ಆಸ್ಟ್ರಿಯಾ ದೇಶದಲ್ಲಿ 1996ರಲ್ಲಿ ಹೆದ್ದಾರಿಗಳ ಮಾಹಿತಿ ವ್ಯವಸ್ಥೆಗೆ ಟೆಂಡರ್ ಆಗಿ, ಆಯ್ಕೆ ಮಾಡಿದ ದಿನವೇ ಒಪ್ಪಂದಕ್ಕೆ ಸಹಿ ಹಾಕಿಬಿಟ್ಟರು. ಟೆಂಡರ್ ಹಾಕಿದ ಬೇರೆ ಕಂಪನಿಗಳಿಗೆ ವಿಷಯ ಗೊತ್ತಾಗಿದ್ದು ಪತ್ರಿಕೆ ಓದಿ! ಅಲ್ಕಾಟೆಲ್ ಅನ್ನೋ ಕಂಪನಿಯ ಹೆಸರಿನಲ್ಲಿ ಆ ಕೇಸು ಪ್ರಸಿದ್ಧ. ಆಯ್ಕೆಗೂ ಸಹಿಗೂ ನಡುವೆ ಪ್ರಶ್ನೆ ಕೇಳಲು ಅವಕಾಶ ಇರಲೇಬೇಕು ಅಂತ ಯುರೋಪಿನ ನ್ಯಾಯಾಲಯ 1999ರಲ್ಲಿ ಹೇಳಿತು. 2007ರಲ್ಲಿ ಅದು ಅಲ್ಲಿ ಕಾನೂನಾಯಿತು. ಮಿಂಚಂಚೆಯಲ್ಲಿ ಕಾರಣ ತಿಳಿಸಿದರೆ ಕನಿಷ್ಠ 10 ದಿನ ಸಹಿ ಹಾಕುವ ಹಾಗಿಲ್ಲ. ವಿಶ್ವಬ್ಯಾಂಕ್ ಕೂಡ 2016ರಿಂದ ತನ್ನ ಸಾಲದ ಯೋಜನೆಗಳಲ್ಲಿ 10 ಕೆಲಸದ ದಿನ ಕಾಯುವ ನಿಯಮ ಇಟ್ಟುಕೊಂಡಿದೆ. ಕೇಂದ್ರದ ಹಣಕಾಸು ನಿಯಮಗಳಲ್ಲೂ, ಬಿಡ್ ಹಾಕಿದವರು ಕೇಳಿದರೆ ತಿರಸ್ಕಾರದ ಕಾರಣ ಹೇಳಲೇಬೇಕು ಅಂತ ಇದೆ. ಕೇಳಿದರೆ ಅನ್ನೋ ಮಾತೇ ನನಗೆ ಬೇಡ. ಕೇಳದೇ ಹೇಳಿ.

ತಡ ಆಗುತ್ತದೆ ಅಂತ ಅಧಿಕಾರಿಗಳು ಹೇಳುತ್ತಾರೆ, ಗೊತ್ತಿದೆ. ಪ್ರವಾಹ ಬಂದು ಸೇತುವೆ ಕೊಚ್ಚಿಹೋದಾಗ ಹತ್ತು ದಿನ ಕಾಯಿರಿ ಅಂತ ಯಾರೂ ಹೇಳುವುದಿಲ್ಲ, ಅಂಥದ್ದಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ನಮ್ಮ ಕಡೆ 4ಜಿ ಅಂದರೆ ಮೊಬೈಲ್ ಅಲ್ಲ, ಟೆಂಡರ್ ಇಲ್ಲದೆ ಕೆಲಸ ಕೊಡುವ ವಿನಾಯಿತಿ ಅಂತಲೇ ಗುತ್ತಿಗೆದಾರರಿಗೆ ಅರ್ಥ. ಅದರ ಬಳಕೆ ಬಗ್ಗೆ ಬರೆಯಲು ಇನ್ನೊಂದು ಪತ್ರ ಬೇಕು. ಆದರೆ ಎಸ್ಟಿಮೇಟ್ ಮಂಜೂರಾಗಲು ವರ್ಷ, ಟೆಂಡರ್ ಕರೆಯಲು ತಿಂಗಳುಗಟ್ಟಲೆ ತೆಗೆದುಕೊಂಡ ಮಾರುಕಟ್ಟೆ ಕೆಲಸಕ್ಕೆ ಕೊನೆಯ ಹತ್ತು ದಿನ ಮಾತ್ರ ಇಲ್ಲ ಅಂದರೆ ನಂಬುವುದು ಹೇಗೆ? ಆ ಹತ್ತು ದಿನ ಉಳಿಸಲು ಹೋಗಿ ನಾವು ಹದಿನಾಲ್ಕು ತಿಂಗಳು ಕಳೆದೆವು.

ನಿಮ್ಮಲ್ಲೂ ಒಂದು ಕೋರಿಕೆ ಇದೆ ಸಂಪಾದಕರೇ. ಅಲ್ಪಾವಧಿ ಟೆಂಡರ್ ಪ್ರಕಟಣೆಗಳು ನಿಮ್ಮ ಪುಟಗಳಲ್ಲಿ ದಿನಾ ಬರುತ್ತವೆ, ನನ್ನಂಥವರು ಮೊದಲು ಓದುವುದೇ ಅದನ್ನು. ಕಾಮಗಾರಿಗೆ ಕೋರ್ಟ್ ತಡೆ ಅಂತ ಸುದ್ದಿ ಮಾಡುವಾಗ ದಯವಿಟ್ಟು ಎರಡು ದಿನಾಂಕವನ್ನೂ ಹಾಕಿ. ಬಿಡ್ ತಿರಸ್ಕಾರ ಆದದ್ದು ಯಾವತ್ತು, ವರ್ಕ್ ಆರ್ಡರ್ ಕೊಟ್ಟದ್ದು ಯಾವತ್ತು. ತಿರಸ್ಕಾರಕ್ಕೆ ಕೊಟ್ಟ ಕಾರಣ ಏನು ಅಂತ ವರದಿಗಾರರು ಕಚೇರಿಯಲ್ಲಿ ಕೇಳಲಿ. ಒಂದು ತಾಲ್ಲೂಕಿನ ಸಣ್ಣ ಚರಂಡಿ ಕೆಲಸಕ್ಕೂ ಕೇಳಲಿ.

ನಮ್ಮ ಮಾರುಕಟ್ಟೆಯ ಮರು ಟೆಂಡರ್ ಹೋದ ತಿಂಗಳು ತೆರೆಯಿತು. ಈ ಸಲ ನಾಲ್ಕು ಜನ ಹಾಕಿದ್ದರು, ಅದರಲ್ಲಿ ಒಬ್ಬರದ್ದನ್ನು ತಿರಸ್ಕಾರ ಮಾಡಿದ್ದಾರೆ. ಅವರು ನನ್ನ ಗಿರಾಕಿ ಅಲ್ಲ, ಆದರೂ ನಿನ್ನೆ ನನ್ನ ಅಂಗಡಿಗೆ ಬಂದು ಪೋರ್ಟಲ್ ತೆಗೆಸಿ ನೋಡಿದರು. ಅದೇ ಒಂದು ಪದ ಇತ್ತು. ಕಾರಣ ಕೇಳಿ ಒಂದು ಅರ್ಜಿ ಟೈಪ್ ಮಾಡಿ ಕೊಟ್ಟಿದ್ದೇನೆ, ಇವತ್ತು ಬೆಳಗ್ಗೆ ಟಪಾಲಿಗೆ ಹಾಕಿ ಸ್ವೀಕೃತಿ ತಂದರು. ವರ್ಕ್ ಆರ್ಡರ್ ಇನ್ನೂ ಆಗಿಲ್ಲ ಅಂತ ಗುಮಾಸ್ತರು ಹೇಳಿದರಂತೆ.

ಇಂತಿ,
ಟೆಂಡರ್ ಅರ್ಜಿ ತುಂಬಿಕೊಡುವ ಒಬ್ಬ ಓದುಗ